ಮಹದೇವಪೇಟೆಯ ಚರಿತ್ರೆ ಎಲ್ಲಿ ಹುಡುಕಬೇಕು?

ಪ್ರಶ್ನೆ: ನಮ್ಮದು ಮಡಿಕೇರಿ ಮಹದೇವಪೇಟೆಯಲ್ಲಿ ಹಳೇ ಮನೆ. ರಸ್ತೆಗೆ ಅಂಗಡಿ, ಹಿಂದೆ ಮನೆ. ಮುತ್ತಜ್ಜ ಕಟ್ಟಿಸಿದ್ದು ಅಂತ ಹೇಳ್ತಾರೆ. ಈಗ ಕೆಡವಿ ಹೊಸದು ಕಟ್ಟುವ ಮಾತು ನಡೀತಿದೆ. ಇದೇ ಹೊತ್ತಿಗೆ ಮಗಳ ಶಾಲೆಯಲ್ಲಿ ‘ನಿಮ್ಮ ಬೀದಿಯ ಚರಿತ್ರೆ ಬರೆದು ತನ್ನಿ’ ಎಂದಿದ್ದಾರೆ. ಹುಡುಕಿದರೆ ಕೋಟೆ, ಗದ್ದಿಗೆ, ರಾಜಾಸೀಟ್ ಬಗ್ಗೆ ಬೇಕಾದಷ್ಟು ಸಿಗುತ್ತದೆ. ಪೇಟೆಯ ಬಗ್ಗೆ ಎರಡು ಸಾಲು ಕೂಡ ಇಲ್ಲ. ಈ ಪೇಟೆ ಹೇಗೆ ಹುಟ್ಟಿತು? ಇಲ್ಲಿಗೆ ಯಾರು ಬಂದು ನೆಲೆಸಿದರು? ದಸರಾಕ್ಕೆ ಕರಗ ನಮ್ಮ ಬಾಗಿಲಿಗೇ ಯಾಕೆ ಬರುತ್ತದೆ? ಮನೆ ಕೆಡವುವ ಮೊದಲು ಏನೇನು ಬರೆದಿಟ್ಟುಕೊಳ್ಳಬೇಕು?

ಉತ್ತರ: ಪೇಟೆಯ ಬಗ್ಗೆ ಏನೂ ಸಿಗಲಿಲ್ಲ ಅಂದಿರಲ್ಲ, ಅದರಲ್ಲಿ ಆಶ್ಚರ್ಯ ಇಲ್ಲ. ಕೊಡಗಿನ ಚರಿತ್ರೆಯನ್ನು ಮೊದಲು ಬರೆಸಿದವರು ರಾಜರು. ಆಮೇಲೆ ಬರೆದವರು ಇಂಗ್ಲಿಷ್ ಅಧಿಕಾರಿಗಳು, ಮಿಷನರಿಗಳು. ದೊಡ್ಡ ವೀರರಾಜೇಂದ್ರ 1808ರ ಹೊತ್ತಿಗೆ ತನ್ನ ವಂಶದ ಕತೆಯನ್ನು ‘ರಾಜೇಂದ್ರನಾಮೆ’ ಎಂದು ಕನ್ನಡದಲ್ಲೇ ಬರೆಸಿದ. ಯುದ್ಧ, ಸಂಧಿ, ಗೆಲುವು ಇವೇ ಅದರ ಮಾತು. ಉಪ್ಪು, ಬಟ್ಟೆ, ಬೆಲ್ಲ ಮಾರಿದವರ ಕತೆ ಹೇಳುವುದು ಅದರ ಕೆಲಸ ಆಗಿರಲಿಲ್ಲ. ಅಂಗಡಿಯವರು ತಾವಾಗಿ ಏನಾದರೂ ಬರೆದಿದ್ದರೆ ಅದು ಲೆಕ್ಕ. ಯಾರು ಎಷ್ಟು ಕೊಟ್ಟರು, ಯಾರ ಬಾಕಿ ಎಷ್ಟು ಅಂತ. ಹಾಗಾಗಿ ಪೇಟೆಯ ಚರಿತ್ರೆ ಬೇಕಾದರೆ ಲೆಕ್ಕದ ಪುಸ್ತಕ, ಕ್ರಯಪತ್ರ, ದೇವಸ್ಥಾನದ ವಂತಿಗೆ ಚೀಟಿ ಇವನ್ನೇ ಹಿಡಿಯಬೇಕು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಪೇಟೆ ಹುಟ್ಟಿದ ಕತೆ.

ಹಾಲೇರಿ ವಂಶದ ಮುದ್ದುರಾಜ ರಾಜಧಾನಿಯನ್ನು ಇಲ್ಲಿಗೆ ತಂದದ್ದು 1681ರಲ್ಲಿ. ಅವನ ಹೆಸರಿನಿಂದಲೇ ಮುದ್ದುರಾಜನಕೇರಿ, ಅದು ಸವೆದು ಮಡಿಕೇರಿ. ಆಗ ಇದ್ದದ್ದು ಮಣ್ಣಿನ ಕೋಟೆ. ನೂರು ವರ್ಷ ಆದಮೇಲೆ ಟಿಪ್ಪು ಕೈಗೆ ಬಂತು. ಅವನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಕರೆದ. 1788ರ ಕೊನೆಗೆ ದೊಡ್ಡ ವೀರರಾಜೇಂದ್ರ ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದ. ಎರಡು ಮೂರು ವರ್ಷದಲ್ಲಿ ಕೊಡಗನ್ನು ಮತ್ತೆ ಹಿಡಿದ. ಇಷ್ಟು ನಿಮಗೆ ಗೊತ್ತಿರುವುದೇ.

ಪೇಟೆಯ ಲೆಕ್ಕದಲ್ಲಿ ನೋಡಿದರೆ ನಿಜವಾದ ಕತೆ ಶುರುವಾಗುವುದು ಅಲ್ಲಿಂದ. ಯುದ್ಧ ಮುಗಿದಾಗ ನಾಡು ಬರಿದಾಗಿತ್ತು. ಜನರನ್ನು ಹಿಡಿದುಕೊಂಡು ಹೋಗಿದ್ದರು. ಅಷ್ಟೇ ಅಲ್ಲ, ಕೊಡಗಿನಲ್ಲಿ ಪೇಟೆ ಎಂಬುದೇ ಕಡಿಮೆ. ಇಲ್ಲಿ ಜನ ಬೀದಿ ಕಟ್ಟಿಕೊಂಡು ಒತ್ತೊತ್ತಾಗಿ ಇರುವವರಲ್ಲ. ಗದ್ದೆ ಕೆಳಗೆ, ಅದರ ಮೇಲೆ ಐನ್‌ಮನೆ ಅಂದರೆ ಕುಟುಂಬದ ಮೂಲ ಮನೆ, ಅದರ ಹಿಂದೆ ಕಾಡು. ಪಕ್ಕದ ಮನೆಗೆ ಹೋಗಬೇಕಾದರೂ ಒಂದು ಗುಡ್ಡ ಇಳಿದು ಹತ್ತಬೇಕು. ಹೀಗಿರುವ ನಾಡಿನಲ್ಲಿ ರಾಜನಿಗೆ ಉಪ್ಪು, ಬಟ್ಟೆ, ಕಬ್ಬಿಣ, ಎಣ್ಣೆ ಬೇಕು ಅಂದರೆ ವ್ಯಾಪಾರಿಗಳನ್ನು ಹೊರಗಿನಿಂದ ಕರೆದು, ಜಾಗ ಕೊಟ್ಟು ಕೂರಿಸಬೇಕಿತ್ತು. ವೀರರಾಜೇಂದ್ರ ಅದನ್ನೇ ಮಾಡಿದ. 1791ರಲ್ಲಿ ಇಂಗ್ಲಿಷರ ಜನರಲ್ ಅಬರ್‌ಕ್ರಾಂಬಿಯನ್ನು ಭೇಟಿಯಾದ ಜಾಗದಲ್ಲಿ ಮರುವರ್ಷ ವೀರರಾಜಪೇಟೆ, ಈಗಿನ ವಿರಾಜಪೇಟೆ, ಕಟ್ಟಿಸಿದ. ಟಿಪ್ಪುವಿನ ಸೆರೆಯಿಂದ ಪಾರಾಗಿ ಬಂದ ಕ್ರೈಸ್ತರಿಗೂ ಅಲ್ಲಿ ಜಾಗ ಕೊಟ್ಟ. ಸಂತ ಅನ್ನಮ್ಮ ಚರ್ಚಿನ ಮೂಲ ಅದೇ. ಮಡಿಕೇರಿಯಲ್ಲಿ ಕೋಟೆಯಿಂದ ಸ್ವಲ್ಪ ದೂರದ ಏಣಿನ ಮೇಲೆ ಬೆಳೆದ ಪೇಟೆಗೆ ತನ್ನ ರಾಣಿ ಮಹದೇವಮ್ಮಾಜಿಯ ಹೆಸರಿಟ್ಟ. ಅದೇ ನಿಮ್ಮ ಮಹದೇವಪೇಟೆ. ‘ಮಹದೇವ’ ಅಂದರೆ ಶಿವ, ಯಾವುದೋ ಈಶ್ವರ ದೇವಸ್ಥಾನದಿಂದ ಬಂದ ಹೆಸರು ಅಂತ ಎಷ್ಟೋ ಜನ ತಿಳಿದಿದ್ದಾರೆ. ಹಾಗಲ್ಲ.

ಆ ರಾಣಿ 1807ರಲ್ಲಿ ತೀರಿಕೊಂಡಳು, ರಾಜ 1809ರಲ್ಲಿ. ಇಬ್ಬರ ಸಮಾಧಿಯೂ ನಿಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲೇ ಇದೆ. ಗದ್ದಿಗೆಗೆ ನೀವು ಹತ್ತಾರು ಸಲ ಹೋಗಿರುತ್ತೀರಿ, ಬಂದ ನೆಂಟರಿಗೆ ತೋರಿಸಿರುತ್ತೀರಿ. ಈ ಸಲ ಮಗಳನ್ನು ಕರೆದುಕೊಂಡು ಹೋಗಿ ಗುಮ್ಮಟ ಬಿಟ್ಟು ಕಿಟಕಿ ನೋಡಿ. ಚೌಕಟ್ಟಿಗೆ ಗಟ್ಟಿ ಕರಿಗಲ್ಲು, ಅದರ ಮೇಲೆ ಸಣ್ಣ ಕೆತ್ತನೆ, ಸರಳುಗಳು ಹಿತ್ತಾಳೆಯವು. ಇಷ್ಟು ಕೆಲಸ ಮಾಡಲು ಕಲ್ಲುಕುಟಿಗರು, ಕಂಚುಗಾರರು, ಬಡಗಿಗಳು ವರ್ಷಗಟ್ಟಲೆ ಇಲ್ಲೇ ಇರಬೇಕು. ಅವರು ಉಳಿದುಕೊಳ್ಳಬೇಕು, ಉಣ್ಣಬೇಕು. ಪಕ್ಕದಲ್ಲೇ ಪೇಟೆ ಇಲ್ಲದೆ ಅದು ಆಗುವ ಮಾತಲ್ಲ. ರಾಜನ ತಮ್ಮ ಲಿಂಗರಾಜೇಂದ್ರ 1812ರಿಂದ 1814ರವರೆಗೆ ಅರಮನೆ ಕಟ್ಟಿಸಿದ, 1820ರಲ್ಲಿ ಓಂಕಾರೇಶ್ವರ ಮುಗಿಸಿದ. ಆಮೇಲೆ ಅವನದ್ದೇ ಗದ್ದಿಗೆ ಎದ್ದಿತು, 1834ರಲ್ಲಿ ಗುರು ರುದ್ರಪ್ಪನದು. ಹೆಚ್ಚುಕಡಿಮೆ ಮೂವತ್ತು ವರ್ಷ ಈ ಊರಿನಲ್ಲಿ ಕಟ್ಟಡದ ಕೆಲಸ ನಿಂತೇ ಇಲ್ಲ. ಪೇಟೆ ಬೆಳೆದದ್ದು ಆ ಕೂಲಿಯ ಹಣದಿಂದ ಅಂತ ನನ್ನ ಲೆಕ್ಕ.

ಇನ್ನು ಯಾರು ಬಂದರು ಅನ್ನುವುದು. ಇದಕ್ಕೆ ದಾಖಲೆ ಹುಡುಕುವ ಮೊದಲು ಸುಮ್ನೆ ರಸ್ತೆಯಲ್ಲಿ ನಡೆಯಿರಿ. ಚೌಕಿಯಿಂದ ಗದ್ದಿಗೆ ಕಡೆಗೆ ಹೋಗುವಾಗ ದೇವಸ್ಥಾನಗಳ ಹೆಸರು ಓದಿಕೊಳ್ಳಿ. ಕನ್ನಿಕಾಪರಮೇಶ್ವರಿ ಇದ್ದಾಳೆ ಅಂದರೆ ಆರ್ಯವೈಶ್ಯರು ಇದ್ದರು. ಚೌಡೇಶ್ವರಿ ದೇವಾಂಗದವರ ಮನೆದೇವತೆ, ಅಂದರೆ ನೇಯ್ಗೆ, ಬಟ್ಟೆ ವ್ಯಾಪಾರ. ಬಸವೇಶ್ವರ ಗುಡಿ ಲಿಂಗಾಯತರದು, ಹಾಲೇರಿ ರಾಜರೂ ಅದೇ ಮತದವರು. ಗೌಳಿಬೀದಿಯಲ್ಲಿ ಹಾಲಿನವರು. ಅಲ್ಲಿನ ಕಂಚಿ ಕಾಮಾಕ್ಷಿ ಎಲ್ಲಿಂದ ಬಂದವಳು ಅಂತ ಬೇರೆ ಹೇಳಬೇಕಾ? ದಂಡಿನ ಮಾರಿಯಮ್ಮ ಅಂದಾಗ ಸಿಪಾಯಿಗಳ ನೆನಪು. ಮಸೀದಿಗಳಿವೆ, ಚರ್ಚುಗಳಿವೆ. ಘಟ್ಟದ ಕೆಳಗಿನ ತುಳುವರು, ಕೊಂಕಣಿಗರು, ಮಲಯಾಳ ಮಾತಾಡುವ ಮಾಪಿಳ್ಳೆಯವರು, ಸುತ್ತಲಿನ ಹಳ್ಳಿಗಳಿಂದ ಅರೆಭಾಷೆ ಗೌಡರು, ಹೀಗೆ ಒಬ್ಬೊಬ್ಬರು ಒಂದೊಂದು ಕಾರಣಕ್ಕೆ ಬಂದರು. ಕೊಡವರಲ್ಲಿ ಹೆಚ್ಚಿನವರು ಪೇಟೆಯಲ್ಲಿ ಮನೆ ಮಾಡಿದ್ದು ತಡವಾಗಿ. ಸರ್ಕಾರಿ ಕೆಲಸ, ಕೋರ್ಟು, ಮಕ್ಕಳ ಶಾಲೆ ಇವು ಬಂದಮೇಲೆ. ಅದಕ್ಕೇ ನೋಡಿ, ಮನೆಯೊಳಗೆ ಆರೇಳು ಭಾಷೆ ಇದ್ದರೂ ಅಂಗಡಿ ಕಟ್ಟೆಯ ಮೇಲೆ ಕನ್ನಡ. ರಾಜರ ಕಚೇರಿಯ ಭಾಷೆಯೂ ಅದೇ ಆಗಿತ್ತು.

1834ರ ಏಪ್ರಿಲ್‌ನಲ್ಲಿ ಇಂಗ್ಲಿಷ್ ಸೈನ್ಯ ಮಡಿಕೇರಿಗೆ ಬಂತು. ಮೇ 7ರಂದು ಕೊಡಗು ಕಂಪನಿಗೆ ಸೇರಿತು ಅಂತ ಕರ್ನಲ್ ಫ್ರೇಸರ್ ಸಾರಿದ. ಕೊನೆಯ ರಾಜ ಚಿಕ್ಕ ವೀರರಾಜೇಂದ್ರ ಕಾಶಿಗೆ ಹೋದ, ಅಲ್ಲಿಂದ ಮಗಳು ಗೌರಮ್ಮನನ್ನು ಕರೆದುಕೊಂಡು 1852ರಲ್ಲಿ ಲಂಡನ್ನಿಗೆ. ಅಲ್ಲೇ 1859ರಲ್ಲಿ ತೀರಿಕೊಂಡ. ಸಾಮಾನ್ಯವಾಗಿ ಮಡಿಕೇರಿಯ ಚರಿತ್ರೆ ಹೇಳುವವರು ಇಲ್ಲಿಗೆ ಪುಸ್ತಕ ಮುಚ್ಚುತ್ತಾರೆ. ಕೋಟೆಯ ಮಟ್ಟಿಗೆ ಅದು ಸರಿ. ಅರಮನೆ ಸರ್ಕಾರಿ ಕಚೇರಿ ಆಯಿತು. ಒಳಗಿದ್ದ ವೀರಭದ್ರ ಗುಡಿ ತೆಗೆದು 1855ರಲ್ಲಿ ಸಂತ ಮಾರ್ಕರ ಚರ್ಚ್ ಕಟ್ಟಿದರು, ಈಗ ಅದು ವಸ್ತುಸಂಗ್ರಹಾಲಯ. 1837ರ ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ನೇಣಿಗೆ ಹಾಕಿದ್ದೂ ಅದೇ ಕೋಟೆಯಲ್ಲಿ. ಒಟ್ಟಿನಲ್ಲಿ ಕೋಟೆಯ ಬದುಕು ಪೂರ್ತಿ ಬದಲಾಯಿತು.

ಪೇಟೆಯಲ್ಲಿ ಹಾಗಾಗಲಿಲ್ಲ. ರಾಜ ಹೋದ ಮಾರನೇ ದಿನವೂ ಜನರಿಗೆ ಉಪ್ಪು ಬೇಕು, ಅಲ್ವಾ? ಅಂಗಡಿ ತೆರೆಯಲೇಬೇಕು. ಇನ್ನೂ ಇಪ್ಪತ್ತು ವರ್ಷಕ್ಕೆ ವ್ಯಾಪಾರ ಜಾಸ್ತಿಯೇ ಆಯಿತು. 1854ರಲ್ಲಿ ಫೌಲರ್ ಎಂಬವನು ಮಡಿಕೇರಿ ಹತ್ತಿರ ಮೊದಲ ಯುರೋಪಿಯನ್ ಕಾಫಿ ತೋಟ ಹಾಕಿದ. ಅವನ ಹಿಂದೆಯೇ ಸಾಲು ಸಾಲು ತೋಟ ಎದ್ದವು. ತೋಟಕ್ಕೆ ಕತ್ತಿ, ಗುದ್ದಲಿ, ಗೋಣಿಚೀಲ, ಕಂಬಳಿ, ಕೂಲಿಯವರಿಗೆ ಅಕ್ಕಿ, ಒಣಮೀನು, ಇವೆಲ್ಲ ಬೇಕು. ಕೊಡಗಿಗೆ ಆಗಲೂ ರೈಲಿಲ್ಲ, ಈಗಲೂ ಇಲ್ಲ. ಎಲ್ಲ ಗಾಡಿಯಲ್ಲೇ ಬರಬೇಕು. ಒಂದು ಕಡೆ ಮೈಸೂರು, ಇನ್ನೊಂದು ಕಡೆ ಸಂಪಾಜೆ ಘಾಟಿ ಹತ್ತಿ ಮಂಗಳೂರು. ಈ ಎರಡು ದಾರಿ ಕೂಡುವ ಊರಿನಲ್ಲಿ ಪೇಟೆಯ ಅಂಗಡಿಗಳಿಗೆ ಮಳೆಗಾಲ ಶುರುವಾಗುವ ಮೊದಲು ದಾಸ್ತಾನು ತುಂಬಿಸಿಕೊಳ್ಳುವುದೇ ದೊಡ್ಡ ಕೆಲಸ. ನಿಮ್ಮ ಮನೆಯಲ್ಲಿ ಅಂಗಡಿಗಿಂತ ಹಿಂದಿನ ಕೋಣೆ ದೊಡ್ಡದಿದ್ದರೆ, ಮೇಲೆ ಅಟ್ಟ ಇದ್ದರೆ, ಕಾರಣ ಅದೇ. ಜೂನ್‌ನಲ್ಲಿ ಘಾಟಿ ಕುಸಿದರೆ ಏನು ಗತಿ ಅಂತ ಯೋಚಿಸಿ ಕಟ್ಟಿದ ಮನೆ ಅದು.

ಶುಕ್ರವಾರದ ಸಂತೆಯದ್ದೂ ಇದೇ ಕತೆ. ಸೋಮವಾರಪೇಟೆ, ಶನಿವಾರಸಂತೆಗಳಿಗೆ ಸಂತೆಯ ದಿನವೇ ಹೆಸರಾಯಿತು. ವಿರಾಜಪೇಟೆಗೆ ಬುಧವಾರ, ಮಡಿಕೇರಿಗೆ ಶುಕ್ರವಾರ. ವ್ಯಾಪಾರಿ ಒಂದೊಂದು ದಿನ ಒಂದೊಂದು ಊರು ಸುತ್ತಲಿ ಅಂತ ಈ ಏರ್ಪಾಡು. ಹಳ್ಳಿಯವರು ಶುಕ್ರವಾರ ಬಂದರೆ ಸಂತೆ ಒಂದೇ ಅಲ್ಲ. ಅಂಗಡಿಯಲ್ಲಿ ಸಾಲ ತೀರಿಸುವುದು, ಕಚೇರಿ ಕೆಲಸ, ಡಾಕ್ಟರು, ಮಗಳನ್ನು ಕೊಟ್ಟ ಮನೆಯವರ ಸುದ್ದಿ, ಎಲ್ಲ ಅದೇ ದಿನ.

ಈಗ ಕರಗ. ನಿಮ್ಮ ಪ್ರಶ್ನೆಯಲ್ಲಿ ನನಗೆ ತುಂಬ ಇಷ್ಟವಾದದ್ದು ಇದೇ.

ಮಹಾಲಯ ಅಮಾವಾಸ್ಯೆ ಕಳೆದ ಮಾರನೇ ದಿನ ಸಂಜೆ ಪಂಪಿನಕೆರೆಯ ಹತ್ತಿರ ನಾಲ್ಕು ಕರಗ ಕಟ್ಟುತ್ತಾರೆ. ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ದಂಡಿನ ಮಾರಿಯಮ್ಮ, ಕಂಚಿ ಕಾಮಾಕ್ಷಿಯಮ್ಮ, ಕೋಟೆ ಮಾರಿಯಮ್ಮ. ಕಳಶದ ಸುತ್ತ ಹೂ ಏರಿಸಿ ಏರಿಸಿ, ಹೊತ್ತವನ ಮುಖಕ್ಕಿಂತ ಕರಗವೇ ದೊಡ್ಡದಾಗಿ ಕಾಣುವಷ್ಟು ಮಾಡುತ್ತಾರೆ. ಕತ್ತಲಾಗುವ ಹೊತ್ತಿಗೆ ವಾಲಗ ಎದ್ದರೆ ನಾಲ್ಕೂ ಒಟ್ಟಿಗೆ ಹೊರಟು ನಿಮ್ಮ ರಸ್ತೆಗೆ ಬರುತ್ತವೆ. ಬನ್ನಿಮಂಟಪ, ಮಹದೇವಪೇಟೆ, ದೇವಸ್ಥಾನಗಳು, ಆಮೇಲೆ ಊರು. ಅಲ್ಲಿಂದ ನವರಾತ್ರಿ ಮುಗಿಯುವವರೆಗೆ ಬೀದಿ ಬೀದಿ ಸುತ್ತುತ್ತವೆ. ನಿಮ್ಮ ಮನೆಯಲ್ಲೂ ಅಷ್ಟೇ ಅಲ್ವಾ? ಮಧ್ಯಾಹ್ನದಿಂದ ಹೊಸಿಲು ತೊಳೆಯುವುದು, ರಂಗೋಲಿ, ಮಳೆ ಬಂದು ರಂಗೋಲಿ ಹೋಗುವುದು, ಮತ್ತೆ ಹಾಕುವುದು, ಹಣ್ಣುಕಾಯಿ ತಟ್ಟೆ ಹಿಡಿದು ‘ಬಂತಾ, ಬಂತಾ’ ಅಂತ ಬಾಗಿಲಲ್ಲಿ ಕಾಯುವುದು.

ಯಾಕೆ ಶುರುವಾಯಿತು ಅಂದರೆ ಹಿರಿಯರು ಹೇಳುವುದು ಒಂದೇ. ರಾಜರ ಕಾಲದಲ್ಲಿ ಊರಿಗೆ ದೊಡ್ಡ ರೋಗ ಬಂತು, ಜನ ಸಾಲಾಗಿ ಸತ್ತರು, ಮಾರಿಯಮ್ಮನಿಗೆ ಹರಕೆ ಹೊತ್ತರು, ಊರು ಸುತ್ತಿ ಬಾ ತಾಯಿ ಎಂದರು. ಯಾವ ರಾಜ, ಯಾವ ರೋಗ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅದರ ಹಿಂದೆ ಬೀಳಬೇಡಿ. ಕತೆಯಲ್ಲಿ ಗಟ್ಟಿಯಾದ ಭಾಗ ಬೇರೆ ಇದೆ. ಹತ್ತು ಕಡೆಯಿಂದ ಬಂದ ಜನ ಒತ್ತೊತ್ತಾಗಿ ಇರುವ ಜಾಗ ಪೇಟೆ. ಗೋಡೆಗೆ ಗೋಡೆ ತಾಗಿರುತ್ತದೆ. ಸಿಡುಬೋ ವಾಂತಿಭೇದಿಯೋ ಬಂದರೆ ದೂರ ದೂರ ಇರುವ ಐನ್‌ಮನೆಗಳಿಗಿಂತ ಪೇಟೆಗೆ ಅಪಾಯ ಹೆಚ್ಚು. ಪಕ್ಕದ ಮನೆಯವನು ನಿಮ್ಮ ಜಾತಿ ಅಲ್ಲ, ನಿಮ್ಮ ಭಾಷೆ ಅಲ್ಲ. ಆದರೆ ಅವನ ಮನೆಗೆ ರೋಗ ಬಂದರೆ ನಾಳೆ ನಿಮ್ಮ ಮನೆಗೆ. ಹಾಗಾಗಿ ದೇವತೆ ಒಂದು ಮನೆ ಬಿಟ್ಟು ಇನ್ನೊಂದಕ್ಕೆ ಹೋಗುವ ಹಾಗಿಲ್ಲ. ಎಲ್ಲರ ಬಾಗಿಲಿಗೂ ಹೋಗಬೇಕು. ನಿಮ್ಮ ಬಾಗಿಲಿಗೆ ಯಾಕೆ ಬರುತ್ತಾಳೆ ಅಂದರೆ, ನಿಮ್ಮನ್ನು ಬಿಟ್ಟರೆ ಪಕ್ಕದವರಿಗೆ ಉಳಿಗಾಲ ಇಲ್ಲ ಅನ್ನುವ ಕಾಲದ ಏರ್ಪಾಡು ಅದು.

ಇನ್ನೊಂದು ಸಂಗತಿ ಗಮನಿಸಿ. ಕರಗ ಯಾವ ಓಣಿಗೆ ತಿರುಗುತ್ತದೆ, ಯಾವುದಕ್ಕೆ ಮೊದಲಿನಿಂದಲೂ ತಿರುಗುವುದಿಲ್ಲ, ಎಲ್ಲಿ ನಿಂತು ಆರತಿ ತೆಗೆದುಕೊಳ್ಳುತ್ತದೆ ಅನ್ನುವುದಕ್ಕೆ ರೂಢಿ ಇರುತ್ತದೆ. ಹಳೇ ಊರು ಎಲ್ಲಿಯವರೆಗೆ ಇತ್ತು ಎನ್ನುವ ಸುಳಿವು ಆ ದಾರಿಯಲ್ಲೇ ಇದೆ. ಮಗಳ ಕೈಗೆ ಒಂದು ಕಾಗದ ಕೊಡಿ. ನಿಮ್ಮ ಬೀದಿಯ ನಕ್ಷೆ ಬರೆದು, ಕರಗ ಬಂದ ದಾರಿ ಕೆಂಪು ಗೆರೆಯಲ್ಲಿ ಎಳೆಯಲಿ. ಆಮೇಲೆ ಎಪ್ಪತ್ತು ದಾಟಿದ ಇಬ್ಬರು ಮೂವರನ್ನು ಕೇಳಿ: ನಿಮ್ಮ ಚಿಕ್ಕಂದಿನಲ್ಲಿ ಎಲ್ಲಿಯವರೆಗೆ ಹೋಗುತ್ತಿತ್ತು? ಯಾವ ಬಡಾವಣೆ ಆಮೇಲೆ ಸೇರಿತು? ಶಾಲೆಗೆ ಕೊಡಲು ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ನನಗೆ ತೋಚುವುದಿಲ್ಲ.

ವಿಜಯದಶಮಿ ರಾತ್ರಿ ಮೆರವಣಿಗೆ ಹೊರಡುವ ದಶಮಂಟಪದ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ನಾಲ್ಕು ಕರಗದ ಗುಡಿಗಳ ಜೊತೆ ಪೇಟೆ ಶ್ರೀರಾಮ ಮಂದಿರ, ದೇಚೂರು ರಾಮಮಂದಿರ, ಚೌಡೇಶ್ವರಿ, ಕೋಟೆ ಮಹಾಗಣಪತಿ, ಮಲ್ಲಿಕಾರ್ಜುನನಗರದ ಕೋದಂಡರಾಮ, ಕರವಲೆ ಭಗವತಿ ಸೇರಿ ಹತ್ತು. ಪೇಟೆ ಶ್ರೀರಾಮ ಮಂದಿರದ್ದು ಮೊದಲು ಹೊರಡುವ ರೂಢಿ. ಮೈಸೂರಿನಲ್ಲಿ ಹಗಲು ಜಂಬೂಸವಾರಿ ನೋಡಿ, ರಾತ್ರಿ ಬಸ್ಸು ಹತ್ತಿ ಮಂಟಪ ನೋಡಲು ಇಲ್ಲಿಗೆ ಬರುವವರು ಈಗಲೂ ಇದ್ದಾರೆ. ಮೊದಲು ಹೆಗಲ ಮೇಲೆ, ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ಹೋಗುತ್ತಿದ್ದ ದೇವರು ಈಗ ಟ್ರ್ಯಾಕ್ಟರ್ ಮೇಲೆ, ಕೈಕಾಲು ಆಡಿಸುವ ರಾಕ್ಷಸರ ಜೊತೆ ಹೋಗುತ್ತಾನೆ. ಸದ್ದು ಜಾಸ್ತಿಯಾಯಿತು ಅಂತ ನಾನೂ ಗೊಣಗುತ್ತೇನೆ. ಆದರೆ ಒಂದೊಂದು ಮಂಟಪದ ಹಿಂದೆ ತಿಂಗಳುಗಟ್ಟಲೆ ದುಡಿಯುವ ಹುಡುಗರನ್ನು ನೋಡಿ. ವೆಲ್ಡಿಂಗ್ ಮಾಡುವವನು ಒಬ್ಬ, ಬಣ್ಣ ಬಳಿಯುವವನು ಇನ್ನೊಬ್ಬ, ಚಂದಾ ಎತ್ತುವವನು ಮತ್ತೊಬ್ಬ. ಈ ವರ್ಷದ ಕತೆ ಯಾವುದು ಅಂತ ಪಕ್ಕದ ಬೀದಿಯವರಿಗೆ ಕೊನೆಯವರೆಗೂ ಬಾಯಿ ಬಿಡುವುದಿಲ್ಲ. ಆ ಚಂದಾ ಪುಸ್ತಕಗಳನ್ನು ಯಾರಾದರೂ ಎತ್ತಿಟ್ಟಿದ್ದರೆ ಅದು ಪೇಟೆಯ ಜನಗಣತಿಯೇ. ಮನೆಮನೆಯ ಹೆಸರು, ಅಂಗಡಿಯ ಹೆಸರು, ಯಾರ ಕೈ ದೊಡ್ಡದು, ಯಾರದು ಬಿಗಿ, ಎಲ್ಲ ಅದರಲ್ಲಿರುತ್ತದೆ. 2018ರಲ್ಲಿ ಗುಡ್ಡ ಕುಸಿದ ವರ್ಷ, 2020ರಲ್ಲಿ ಕೊರೊನಾ ವರ್ಷ ದಸರಾ ಸರಳವಾಗಿ ನಡೆಯಿತು. ಆ ಎರಡು ವರ್ಷದ ಪುಸ್ತಕ ಸಿಕ್ಕರೆ ಬಿಡಬೇಡಿ.

ಇನ್ನು ನಿಮ್ಮ ಮನೆ. ಮೊದಲು ಕಬ್ಬಿಣದ ಪೆಟ್ಟಿಗೆ ತೆಗೆಯಿರಿ. ಕ್ರಯಪತ್ರ ಇರುತ್ತದೆ. ಎಲ್ಲರೂ ಅದರಲ್ಲಿ ಬೆಲೆ ಮತ್ತು ಅಳತೆ ನೋಡಿ ಮಡಚಿಡುತ್ತಾರೆ. ನೀವು ಚೆಕ್ಕುಬಂದಿ ಓದಿ. ಪೂರ್ವಕ್ಕೆ ಸರ್ಕಾರಿ ರಸ್ತೆ, ಪಶ್ಚಿಮಕ್ಕೆ ಇಂಥವರ ಹಿತ್ತಲು, ಉತ್ತರಕ್ಕೆ ಇಂಥವರ ಗೋಡೆ, ದಕ್ಷಿಣಕ್ಕೆ ನೀರು ಹರಿಯುವ ತೋಡು, ಹೀಗೆ ಬರೆದಿರುತ್ತಾರೆ. ಪತ್ರ ಬರೆದ ದಿನ ನಿಮ್ಮ ನಾಲ್ಕು ದಿಕ್ಕಿನಲ್ಲಿ ಯಾರಿದ್ದರು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಹೆಸರಿನ ಹಿಂದೆ ಕಸುಬೋ ತಂದೆಯ ಹೆಸರೋ ಇರುತ್ತದೆ. ಈಗ ಪಕ್ಕದ ಮನೆಯವರನ್ನೂ ಕೇಳಿ, ಅವರ ಪತ್ರದ ಚೆಕ್ಕುಬಂದಿ ಬರೆದುಕೊಳ್ಳಿ. ಅವರದರಲ್ಲಿ ನಿಮ್ಮ ಮುತ್ತಜ್ಜನ ಹೆಸರಿರುತ್ತದೆ. ಹೀಗೆ ಆರೇಳು ಪತ್ರ ಕೂಡಿಸಿದರೆ ಆ ಕಾಲದ ಬೀದಿ ಅರ್ಧ ಎದ್ದು ನಿಲ್ಲುತ್ತದೆ. ಬೆಲೆ, ಸಾಲದ ವಿಷಯ ಯಾರೂ ತೋರಿಸಲು ಇಷ್ಟಪಡುವುದಿಲ್ಲ. ‘ಚೆಕ್ಕುಬಂದಿ ಮಾತ್ರ ಸಾಕು ಮಾಮ’ ಅಂತ ಮಗಳೇ ಕೇಳಿದರೆ ಕೊಡುತ್ತಾರೆ. ಪತ್ರ ಕಳೆದಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಕಲು ಕೇಳಿ, ನಗರಸಭೆಯ ಹಳೇ ತೆರಿಗೆ ರಿಜಿಸ್ಟರ್ ವಿಚಾರಿಸಿ.

ಹಳೇ ಪತ್ರದಲ್ಲಿ ಇಸವಿ ಇಲ್ಲದೆ ಸಂವತ್ಸರ ಮಾತ್ರ ಇದ್ದರೆ ಗಾಬರಿ ಬೇಡ. ಸಂವತ್ಸರ ಅರುವತ್ತು ವರ್ಷಕ್ಕೆ ಒಮ್ಮೆ ಮರಳುತ್ತದೆ. ‘ವಿಕಾರಿ’ ಎಂದಿದ್ದರೆ 1959 ಆಗಬಹುದು, 1899 ಆಗಬಹುದು, 1839ಕ್ಕೂ ಹೋಗಬಹುದು. ಛಾಪಾ ಕಾಗದದ ಮೇಲಿನ ತಲೆ ನೋಡಿ. ವಿಕ್ಟೋರಿಯಾ ರಾಣಿ 1901ರಲ್ಲಿ ತೀರಿಕೊಂಡಳು. ಗಡ್ಡದ ಎಡ್ವರ್ಡ್ ಇದ್ದರೆ 1910ರ ಆಸುಪಾಸಿನೊಳಗೆ, ಆಮೇಲೆ ಐದನೇ ಜಾರ್ಜ್, 1936ರ ಕೊನೆಯಿಂದ ಆರನೇ ಜಾರ್ಜ್. ಹಳೇ ಕಾಗದ ಸ್ವಲ್ಪ ಕಾಲ ಉಳಿದು ಬಳಕೆಯಾಗುವುದೂ ಉಂಟು, ಅಷ್ಟು ಎಚ್ಚರ ಇರಲಿ. ಅಂಗಡಿಯ ರೋಕಡ ಪುಸ್ತಕಕ್ಕೆ ಇನ್ನೂ ಸುಲಭದ ಗುರುತಿದೆ. ರೂಪಾಯಿ, ಆಣೆ, ಪೈ ಲೆಕ್ಕ ಇದ್ದರೆ ಅದು 1957ರ ಏಪ್ರಿಲ್‌ಗಿಂತ ಹಿಂದಿನದು ಅಂತ ಹೆಚ್ಚುಕಡಿಮೆ ಹೇಳಬಹುದು. ಆ ತಿಂಗಳು ನಯಾ ಪೈಸೆ ಬಂತು. ಭತ್ತವನ್ನು ಭಟ್ಟಿ ಎಂಬ ಹಳೇ ಅಳತೆಯಲ್ಲಿ ಬರೆದಿದ್ದರೆ ಆ ಪುಟ ಫೋಟೋ ತೆಗೆದಿಡಿ. ಹಳ್ಳಿಯವರು ದುಡ್ಡಿನ ಬದಲು ಭತ್ತ ಕೊಟ್ಟು ಸಾಮಾನು ಒಯ್ದ ಲೆಕ್ಕ ಅದಾಗಿರಬಹುದು.

ಕಾಗದ ಮುಗಿದ ಮೇಲೆ ಮಾಡಿಗೆ ಬನ್ನಿ. ಮಂಗಳೂರು ಹೆಂಚಾ? ಒಂದು ಹೆಂಚು ಇಳಿಸಿ ಅಡಿಭಾಗ ನೋಡಿ. ಕಾರ್ಖಾನೆಯ ಹೆಸರು ಒತ್ತಿರುತ್ತಾರೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಅಂದಮೇಲೆ ನಿಮ್ಮ ಮಾಡು ಅದಕ್ಕಿಂತ ಹಳೆಯದಲ್ಲ. ಗೋಡೆ ಮಾತ್ರ ಹಳೆಯದಿರಬಹುದು, ಹುಲ್ಲು ತೆಗೆದು ಹೆಂಚು ಹಾಕಿಸಿರಬಹುದು. ತೊಲೆ, ಪಕಾಸಿಗಳಲ್ಲಿ ಸಂಬಂಧ ಇಲ್ಲದ ತೂತು, ಕಚ್ಚು ಕಂಡರೆ ಆ ಮರ ಮೊದಲು ಬೇರೆ ಕಟ್ಟಡದಲ್ಲಿ ಇತ್ತು ಅಂತ ಅರ್ಥ. ಅಂಗಡಿಗೆ ಹಲಗೆ ಬಾಗಿಲು ಇದ್ದರೆ ಒಂದೊಂದು ಹಲಗೆಯ ತಲೆಯ ಮೇಲೆ ನಂಬರ್ ಇರುತ್ತದೆ, ಅಥವಾ ಉಳಿಯಲ್ಲಿ ಗೀರಿದ ಗುರುತು. ರಾತ್ರಿ ಕ್ರಮ ತಪ್ಪಿದರೆ ಕೊನೇ ಹಲಗೆ ಚೌಕಟ್ಟಿನ ಸೀಳಿನಲ್ಲಿ ಕೂರುವುದಿಲ್ಲ. ಆ ಗುರುತು ಕನ್ನಡ ಅಂಕಿಯಲ್ಲಿದೆಯಾ, ಇಂಗ್ಲಿಷ್ ಅಂಕಿಯಲ್ಲಿದೆಯಾ, ಬರೇ ಗೆರೆಯಾ, ಬರೆದುಕೊಳ್ಳಿ.

ಕೆಡವಬೇಕಾ ಬೇಡವಾ ಅಂತ ನೀವು ಕೇಳಿಲ್ಲ. ಆದರೂ ಪ್ರಶ್ನೆಯೊಳಗೆ ಅದು ಇದೆ. ಕೋಟೆ, ಗದ್ದಿಗೆಗಳಿಗೆ ಪ್ರಾಚ್ಯವಸ್ತುವಿನವರ ರಕ್ಷಣೆ ಇದೆ. ನಿಮ್ಮ ಮನೆಗೆ ಇಲ್ಲ, ಖರ್ಚು ನಿಮ್ಮದೇ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆಯಲ್ಲಿ ಮಣ್ಣಿನ ಗೋಡೆ, ಗೆದ್ದಲು ಹಿಡಿದ ತೊಲೆ ಇಟ್ಟುಕೊಂಡು ‘ಪರಂಪರೆ ಉಳಿಸಿ’ ಅಂತ ಹೊರಗಿನವರು ಹೇಳುವುದು ಸುಲಭ. ಹಾಗಾಗಿ ಕೆಡವಿದರೆ ನಾನು ತಪ್ಪು ಅನ್ನುವುದಿಲ್ಲ. ಒಂದು ಮಾತ್ರ ಕೇಳಿಕೊಳ್ಳುತ್ತೇನೆ. 2018ರ ಆಗಸ್ಟ್‌ನಲ್ಲಿ ಇಂದಿರಾನಗರ, ಚಾಮುಂಡೇಶ್ವರಿನಗರದ ಕಡೆ ಏನಾಯಿತು ಅಂತ ನಿಮ್ಮ ಕಣ್ಣಾರೆ ನೋಡಿದ್ದೀರಿ. ಮನೆ ಹಿಂದಿನ ಗುಡ್ಡದ ಬರೆ ಕಡಿದು, ಚೆಕ್ಕುಬಂದಿಯಲ್ಲಿ ಬರೆದ ತೋಡು ಮುಚ್ಚಿ, ನಾಲ್ಕು ಮಹಡಿ ಎಬ್ಬಿಸುವುದು ಬೇಡ. ಹಳಬರು ಆ ತೋಡನ್ನು ಪತ್ರದಲ್ಲಿ ಬರೆಸಿದ್ದು ಸುಮ್ನೆ ಅಲ್ಲ. ಸಾಧ್ಯವಾದರೆ ರಸ್ತೆ ಕಡೆಯ ಜಗಲಿ ಮತ್ತು ಹೊಸಿಲಿನ ಎತ್ತರ ಹಾಗೇ ಉಳಿಸಿ. ಎದುರಿಗೆ ಶಟರ್ ಹಾಕಿ ಜಗಲಿ ತೆಗೆದರೆ ಕರಗ ಬಂದಾಗ ಆರತಿ ತಟ್ಟೆ ಹಿಡಿದು ನಿಲ್ಲಲು ಜಾಗ ಇರುವುದಿಲ್ಲ. ಈಗಾಗಲೇ ಎಷ್ಟೋ ಮನೆಯವರು ರಸ್ತೆಗೇ ಇಳಿದು ನಿಲ್ಲುತ್ತಿದ್ದಾರೆ.

ಕೆಲಸದ ಕ್ರಮ ಹೀಗಿರಲಿ. ಮಳೆಗಾಲದಲ್ಲಿ ಹೇಗೂ ಕಟ್ಟಡ ಮುಟ್ಟುವ ಹಾಗಿಲ್ಲ. ಆ ತಿಂಗಳುಗಳಲ್ಲಿ ಕಾಗದಪತ್ರ ನೋಡಿ, ಹಿರಿಯರ ಹತ್ತಿರ ಕೂತು ಮಾತು ರೆಕಾರ್ಡ್ ಮಾಡಿ. ‘ಹಳೇ ಕಾಲ ಹೇಗಿತ್ತು’ ಅಂತ ಕೇಳಬೇಡಿ, ‘ಚೆನ್ನಾಗಿತ್ತು’ ಅಂತ ಮುಗಿಸಿಬಿಡುತ್ತಾರೆ. ಈ ಅಂಗಡಿಯ ಎಡಕ್ಕೆ ಯಾರಿದ್ದರು, ನೀರು ಎಲ್ಲಿಂದ ಹೊರುತ್ತಿದ್ದಿರಿ, ಸಂತೆಯ ದಿನ ಗಾಡಿ ಎಲ್ಲಿ ನಿಲ್ಲುತ್ತಿತ್ತು, ಹೀಗೆ ಒಂದೊಂದೇ ಕೇಳಿ. ದಸರಾದಲ್ಲಿ ಕರಗದ ದಾರಿ ಗುರುತಿಸಿ. ದಸರಾ ಮುಗಿದು ಬಿಸಿಲು ಬಂದಮೇಲೆ ಮಾಡು ಬಿಚ್ಚಿ. ಅದಕ್ಕೆ ಮೊದಲು ಪ್ರತಿ ಕೋಣೆಯ ನಾಲ್ಕೂ ಗೋಡೆ ಫೋಟೋ ಆಗಿರಲಿ, ಅಳತೆ ಬರೆದಿರಲಿ. ಮೇಸ್ತ್ರಿಗೆ ಮೊದಲೇ ಹೇಳಿಡಿ: ಗೋಡೆಗೂಡಿನಲ್ಲಿ, ತೊಲೆಯ ಸಂದಿನಲ್ಲಿ, ಅಟ್ಟದ ಮೂಲೆಯಲ್ಲಿ ಏನೇ ಸಿಕ್ಕರೂ ಎಸೆಯಬಾರದು. ಬಿಚ್ಚುವ ದಿನ ಭಾನುವಾರ ಇಟ್ಟುಕೊಂಡರೆ ಮಗಳೂ ಮನೆಯಲ್ಲಿರುತ್ತಾಳೆ. ಹೆಂಚಿನ ಅಡಿಯ ಹೆಸರು ಓದುವ ಕೆಲಸ ಅವಳಿಗೇ ಬಿಡಿ.